ಸೂಳೆಕೆರೆಯ ಏರಿಯ ಮೇಲೆ ಒಂದು ದಿನ

ರಜೆ ಬಂತೆಂದರೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ಬಗೆಯದು. ಮನೆಯಾಕೆ ಮೈಸೂರು ಎನ್ನುವರು, ಮಕ್ಕಳು ಜೋಗ ಎನ್ನುವರು, ಮನೆಯ ಯಜಮಾನರು ಕೈಯಲ್ಲಿರುವ ಹಣವನ್ನೂ ದಿನಗಳನ್ನೂ ಎಣಿಸಿ ಸುಮ್ಮನಾಗುವರು. ಕೊನೆಗೆ ಹೋಗುವುದಾದರೂ ಎಲ್ಲರೂ ಹೋಗುವ ಕಡೆಗೇ. ಅಲ್ಲಿ ನೀರಿಗಿಂತ ಜನವೇ ಹೆಚ್ಚು. ಇಂತಹ ಹೊತ್ತಿನಲ್ಲಿ ತಮಗೊಂದು ಕೆರೆಯನ್ನು ಸೂಚಿಸಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ಬಸ್ಸು ಹತ್ತಿದವರಿಗೆ ಅದು ದಾರಿಯಲ್ಲೇ ಸಿಕ್ಕುತ್ತದೆ. ಹೆಸರು ಸೂಳೆಕೆರೆ.

ಈ ಹೆಸರನ್ನು ಓದಿದೊಡನೆ ಕೆಲವರು ಪತ್ರಿಕೆಯನ್ನು ಮಕ್ಕಳ ಕೈಯಿಂದ ತೆಗೆದಿರಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಹೆಸರಿನ ವಿಷಯಕ್ಕೆ ಆಮೇಲೆ ಬರುತ್ತೇನೆ; ಅದನ್ನು ಬಿಟ್ಟು ಈ ಕೆರೆಯನ್ನು ನೋಡಿದರೆ ಅರ್ಧವನ್ನೇ ನೋಡಿದಂತೆ.

ಕೆರೆ ಎಂಥದು ಎಂಬುದನ್ನು ಮೊದಲು ಹೇಳುತ್ತೇನೆ. ನೀರು ತುಂಬಿದಾಗ ಇದರ ಹರವು ಸುಮಾರು 6,500 ಎಕರೆ. ಇದಕ್ಕೆ ನೀರೊದಗಿಸುವ ಜಲಾನಯನ ಪ್ರದೇಶ ಸುಮಾರು 330 ಚದರ ಕಿಲೋಮೀಟರು. ಮಾರಿಕಣಿವೆಯಲ್ಲಿ ವಾಣೀವಿಲಾಸ ಸಾಗರದ ಕಟ್ಟೆ 1907ರಲ್ಲಿ ಮುಗಿಯುವ ತನಕ ಹಳೆಯ ಮೈಸೂರು ಸಂಸ್ಥಾನದಲ್ಲಿ ಇದಕ್ಕಿಂತ ದೊಡ್ಡ ಕೆರೆ ಇರಲಿಲ್ಲ. ಏಷ್ಯಾಖಂಡದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ಆ ಕಡೆಯ ಜನ ಹೆಮ್ಮೆಯಿಂದ ಹೇಳುವುದುಂಟು. ಮೊದಲನೆಯದು ಯಾವುದೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಆದ್ದರಿಂದ ಆ ಲೆಕ್ಕವನ್ನು ನಾನು ಕೈಬಿಟ್ಟಿದ್ದೇನೆ. ಏರಿಯ ಮೇಲೆ ನಿಂತು ಕಣ್ಣು ಹಾಯಿಸಿದವರಿಗೆ ಅಂತಹ ಬಿರುದು ಬೇಕೆನಿಸುವುದೂ ಇಲ್ಲ. ಬೆಳಗಿನ ಮಂಜಿನಲ್ಲಿ ಆಚೆಯ ದಡ ಕಾಣದು. ಸಮುದ್ರವನ್ನೇ ನೋಡದ ನಮ್ಮ ಬಯಲುಸೀಮೆಯ ಹುಡುಗರು ಇಲ್ಲಿ ಬಾಯಿ ತೆರೆದು ನಿಲ್ಲುವುದನ್ನು ನಾನು ಅನೇಕ ಸಲ ಕಂಡಿದ್ದೇನೆ.

ಇಷ್ಟು ನೀರನ್ನು ಹಿಡಿದು ನಿಲ್ಲಿಸಿರುವ ಏರಿಯಾದರೋ ಉದ್ದವೇನೂ ಹೆಚ್ಚಿಲ್ಲ. ಇದೇ ಇಲ್ಲಿನ ಸೋಜಿಗ. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಯಲ್ಲಿ ಹರಿದ್ರಾ ಎಂಬ ಹೊಳೆ ಹಾಯ್ದುಹೋಗುತ್ತಿತ್ತು. ಆ ಬಾಯನ್ನು ಮುಚ್ಚಿದರೆ ಹಿಂದಿನ ಬಯಲೆಲ್ಲ ತುಂಬೀತೆಂದು ಯಾವನೋ ಒಬ್ಬ ಬಲ್ಲವನು ಕಂಡುಕೊಂಡನು. ಉದ್ದ ಕಡಿಮೆಯಾದುದರಿಂದ ಅಗಲಕ್ಕೂ ಎತ್ತರಕ್ಕೂ ಕೈಬಿಚ್ಚಿ ಮಣ್ಣು ಕಲ್ಲು ಸುರಿಯಲು ಸಾಧ್ಯವಾಯಿತು. ಹರಿದ್ರಾ ಎಂದರೆ ಸಂಸ್ಕೃತದಲ್ಲಿ ಅರಿಸಿನ. ಹೊಸ ಮಳೆಯ ಕೆನ್ನೀರನ್ನು ನೋಡಿ ಆ ಹೆಸರಿಟ್ಟರೋ ಏನೋ. ಕೆರೆಯಿಂದ ಮುಂದೆ ಹರಿದು ಅದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹೊಯ್ಸಳರ ದಂಡನಾಯಕ ಪೋಲಾಳ್ವನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿ ಇರುವುದು ಅಲ್ಲಿಯೇ.

ಕೆರೆ ಕಟ್ಟುವುದು ನಮ್ಮ ಹಿರಿಯರಿಗೆ ಒಂದು ಶಾಸ್ತ್ರವಾಗಿತ್ತು. ಈಗ ಆಂಧ್ರಪ್ರದೇಶದ ಕಡಪ ಜಿಲ್ಲೆಗೆ ಸೇರಿರುವ ಪೋರುಮಾಮಿಳ್ಳ ಎಂಬ ಊರಿನಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಒಂದು ಕೆರೆ ಕಟ್ಟಿಸಿ 1369ರಲ್ಲಿ ಶಾಸನ ಹಾಕಿಸಿದನು. ಸಾವಿರ ಆಳು, ನೂರು ಗಾಡಿ, ಎರಡು ವರ್ಷದ ಕೆಲಸ ಎಂದು ಅದರಲ್ಲಿ ಲೆಕ್ಕವಿದೆ. ಅಷ್ಟೇ ಅಲ್ಲ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ತಗಲುವ ಆರು ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ. ಸಿಹಿನೀರಿನ ಹೊಳೆ ಇರಬೇಕು, ಆ ಹೊಳೆ ಹಾಯ್ದು ಬರುವ ಬೆಟ್ಟವಿರಬೇಕು, ಕಟ್ಟೆ ಗಿಡ್ಡವಾಗಿಯೂ ಗಟ್ಟಿಯಾಗಿಯೂ ಇರಬೇಕು, ಒಡಲು ಆಳವಾಗಿಯೂ ವಿಸ್ತಾರವಾಗಿಯೂ ಇರಬೇಕು ಎಂಬವು ಆ ಅಂಗಗಳಲ್ಲಿ ಕೆಲವು. ಕಟ್ಟೆ ಒಸರುವುದು, ನೆಲ ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ದೋಷಗಳು. ಗಡಿಯ ನೀರು ಜಗಳದ ನೀರೆಂಬುದು ಆಗಲೇ ಗೊತ್ತಿತ್ತು ನೋಡಿ! ಆ ಶಾಸನಕ್ಕೂ ಸೂಳೆಕೆರೆಗೂ ನೇರವಾದ ನಂಟಿಲ್ಲ. ಆದರೆ ಅದರ ಅಂಗಗಳ ಪಟ್ಟಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಏರಿಯ ಮೇಲೆ ಒಮ್ಮೆ ನಡೆದುನೋಡಿ. ಹೊಳೆ ಎಲ್ಲಿ, ಬೆಟ್ಟದ ಎರಡು ಭುಜಗಳೆಲ್ಲಿ, ಒಡಲು ಎಲ್ಲಿಯವರೆಗೆ ಎಂದು ಮಕ್ಕಳ ಕೈಯಿಂದಲೇ ತೋರಿಸಿ. ಕೆರೆಯನ್ನು ಸವಿಯುವ ಮೊದಲ ಬಗೆ ಇದು: ಇದು ದೇವರು ಕೊಟ್ಟ ಸರೋವರವಲ್ಲ, ಮನುಷ್ಯರು ತಲೆಯ ಮೇಲೆ ಮಂಕರಿ ಹೊತ್ತು ಕಟ್ಟಿದ್ದು ಎಂಬುದು ಕಣ್ಣಿಗೆ ಬೀಳುವಂತೆ ನೋಡುವುದು.

ಎರಡನೆಯದಾಗಿ, ಏರಿಯ ಮೇಲೆಯೇ ನಿಂತು ಹಿಂದಿರುಗಬೇಡಿ. ಪಟ್ಟಣದವರಾದ ನಾವು ಕೆರೆ ಎಂದರೆ ನೀರು ಎಂದಷ್ಟೇ ತಿಳಿದಿದ್ದೇವೆ. ಹಳ್ಳಿಯವನಿಗೆ ಕೆರೆ ಎಂದರೆ ಏರಿ, ತೂಬು, ಕೋಡಿ, ಕಾಲುವೆ, ಅಚ್ಚುಕಟ್ಟು ಎಲ್ಲವೂ. ಹೆಚ್ಚಾದ ನೀರು ಏರಿಗೆ ಅಪಾಯ ತಾರದಂತೆ ಹೊರಬೀಳುವ ಜಾಗ ಕೋಡಿ. ಕೋಡಿ ಬಿದ್ದ ವರ್ಷ ಊರಿಗೆಲ್ಲ ಹಬ್ಬ. ಬೇಕಾದಾಗ ಬೇಕಾದಷ್ಟು ನೀರು ಬಿಡುವ ಬಾಯಿ ತೂಬು. ಹಿಂದೆ ಕೆರೆಗಳ ತೂಬಿನಲ್ಲಿ ಎರಡು ಕಲ್ಲುಕಂಬ ನೆಟ್ಟು, ಅಡ್ಡಕಲ್ಲುಗಳ ರಂಧ್ರದಲ್ಲಿ ಒಂದು ಗಳುವನ್ನು ಇಳಿಬಿಟ್ಟು, ಅದರ ತುದಿಯ ಬಿರಡೆಯಿಂದ ಕೆಳಗಿನ ಕಂಡಿಯನ್ನು ಮುಚ್ಚುತ್ತಿದ್ದರು. ಗಳುವನ್ನು ಎತ್ತುವ ಅಧಿಕಾರ ನೀರುಗಂಟಿಯೊಬ್ಬನದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ತೀರ್ಮಾನ ಅವನ ಕೈಯಲ್ಲಿ. ಕೆರೆಯನ್ನು ಕಟ್ಟಿದವನಿಗೂ ಕಾಪಾಡುವವನಿಗೂ ಭೂಮಿ ಬಿಡುವ ವಾಡಿಕೆ ನಮ್ಮಲ್ಲಿತ್ತು. ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಮಾತುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಇದರಿಂದಲೇ. ಸೂಳೆಕೆರೆಯ ಎರಡು ತೂಬುಗಳಿಗೆ ಸಿದ್ಧ, ಬಸವ ಎಂದು ಹೆಸರು. ಅವುಗಳಿಂದ ಹೊರಟ ನಾಲೆಗಳಿಗೂ ಅದೇ ಹೆಸರು. ನಾಲೆಯ ಜೊತೆಯಲ್ಲಿ ಒಂದರ್ಧ ಮೈಲಿ ನಡೆದುಹೋಗಿ. ಗದ್ದೆಯ ಹಸುರು, ಅಡಿಕೆ ತೋಟದ ನೆರಳು, ಕಾಲುವೆಯಲ್ಲಿ ಎಮ್ಮೆ ತೊಳೆಯುವ ಹುಡುಗ ಎಲ್ಲವೂ ಎದುರಾಗುತ್ತವೆ. ತೋಟದವರನ್ನು ಕೇಳಿಯೇ ಒಳಗೆ ಕಾಲಿಡಿ. ಕೇಳಿದವರಿಗೆ ಇಲ್ಲವೆನ್ನುವ ಜನ ಅವರಲ್ಲ, ಎಳನೀರನ್ನೇ ಕೊಟ್ಟಾರು.

ಹೋಗುವ ಕಾಲ ಯಾವುದು ಎಂದರೆ, ಕಾರ್ತಿಕದಿಂದ ಪುಷ್ಯದವರೆಗೆ ಎನ್ನುತ್ತೇನೆ. ಮಳೆ ಹೋಗಿರುತ್ತದೆ, ನೀರು ತಿಳಿಯಾಗಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಬೆಳಗಿನ ಮೊದಲ ಬಸ್ಸಿಗೇ ಹೊರಟರೆ ಹಕ್ಕಿಗಳು ಸಿಕ್ಕುತ್ತವೆ. ಒಂಬತ್ತು ಗಂಟೆಯ ಮೇಲೆ ಹೋದವರಿಗೆ ಬೆಳ್ಳಕ್ಕಿ ಮಾತ್ರ. ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತ ಕುಳಿತಿರುವುದು, ಕಪ್ಪುಬಿಳುಪಿನ ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಕಲ್ಲಿನಂತೆ ನೀರಿಗೆ ಬೀಳುವುದು, ಚಳಿಗಾಲಕ್ಕೆ ಉತ್ತರದಿಂದ ಬಂದ ಬಾತುಗಳು ದೂರದಲ್ಲಿ ತೇಲುವುದು, ಇವನ್ನು ನೋಡಲು ದುರ್ಬೀನು ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೊರತೆಯಿಲ್ಲ, ತಾಳ್ಮೆ ಸಾಕು. ದಡದ ಕಲ್ಲುನೆಲದಲ್ಲಿ ಗದ್ದಲವೆಬ್ಬಿಸುವ ಟಿಟ್ಟಿಭನನ್ನು ಮಕ್ಕಳಿಗೆ ಪರಿಚಯ ಮಾಡಿಕೊಡಿ. ಸಮುದ್ರ ತನ್ನ ಮೊಟ್ಟೆಗಳನ್ನು ಕದ್ದಿತೆಂದು ಸಮುದ್ರದ ಮೇಲೆಯೇ ಯುದ್ಧಕ್ಕೆ ನಿಂತ ಪಂಚತಂತ್ರದ ಹಕ್ಕಿ ಅದು. ದುರ್ಗಸಿಂಹ ಕನ್ನಡಕ್ಕೆ ತಂದ ಪಂಚತಂತ್ರವನ್ನು ಮನೆಗೆ ಬಂದಮೇಲೆ ತೆಗೆದು ತೋರಿಸಬಹುದು. ಅದು ಗೂಡು ಕಟ್ಟುವುದಿಲ್ಲ, ಬೆಣಚುಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುವ ಮೊಟ್ಟೆಯಿಡುತ್ತದೆ. ಬೇಸಗೆಯಲ್ಲಿ ಹೋದವರು ಕಾಲ ಕೆಳಗೆ ನೋಡಿಕೊಂಡು ನಡೆಯಬೇಕು.

ಬುತ್ತಿಯನ್ನು ಮನೆಯಿಂದಲೇ ಒಯ್ಯುವುದು ಉತ್ತಮ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಇದ್ದರೆ ಮತ್ತೇನು ಬೇಕು? ದಾವಣಗೆರೆಯಲ್ಲಿ ಇಳಿದು ಬೆಣ್ಣೆದೋಸೆ ತಿಂದು ಹೊರಡುವೆನೆಂಬವರನ್ನು ನಾನು ತಡೆಯಲಾರೆ. ಮೊದಲ ಬಸ್ಸು ಮಾತ್ರ ಅವರಿಗೆ ಸಿಕ್ಕದು. ಆದರೆ ಒಂದು ಮಾತು. ಉಂಡ ಎಲೆ, ಪ್ಲಾಸ್ಟಿಕ್ ಚೀಲ, ಪೂಜೆಯ ಹೂವು ಯಾವುದನ್ನೂ ನೀರಿಗೆ ಹಾಕಬೇಡಿ. ಇದು ಬರಿಯ ವಿಹಾರದ ನೀರಲ್ಲ. ಚಿತ್ರದುರ್ಗದ ಪಟ್ಟಣಕ್ಕೆ ಕುಡಿಯುವ ನೀರು ಹೋಗುವುದು ಈ ಕೆರೆಯಿಂದ. ಅಲ್ಲಿಯ ಓದುಗರು ಈ ಲೇಖನವನ್ನು ಓದುತ್ತ ಒಂದು ಲೋಟ ನೀರು ಕುಡಿದರೆ ಅದರಲ್ಲಿ ಸೂಳೆಕೆರೆಯೂ ಇರಬಹುದು. ಇನ್ನು ಈಜು: ಬೇಡ. ಗುಡ್ಡಗಳ ನಡುವೆ ಏರಿಯ ಬಳಿಯಲ್ಲೇ ಆಳ ಹೆಚ್ಚು. ತೂಬಿನ ಸೆಳೆತ ಮೇಲಿನಿಂದ ನೋಡಿದವನಿಗೆ ತಿಳಿಯುವುದಿಲ್ಲ. ದೋಣಿ ಸಿಕ್ಕಿದರೂ ಲೈಫ್ ಜಾಕೆಟ್ ಇಲ್ಲದೆ ಹತ್ತಬಾರದು. ಮೀನುಗಾರರು ಹತ್ತುತ್ತಾರಲ್ಲ ಎಂದು ವಾದಿಸುವ ಹುಡುಗರಿಗೆ, ಅವರು ಹುಟ್ಟಿದ್ದೇ ನೀರಿನಲ್ಲಿ ಎಂದು ಹೇಳಿ ಕೂರಿಸಿ.

ಈಗ ಹೆಸರಿಗೆ ಬರುತ್ತೇನೆ. ಇಪ್ಪತ್ತೈದು ವರ್ಷಗಳ ಕೆಳಗೆ ಒಂದು ಪ್ರೌಢಶಾಲೆಯ ಮಕ್ಕಳನ್ನು ಕರೆದುಕೊಂಡು ನಾನು ಇಲ್ಲಿಗೆ ಹೋಗಿದ್ದೆ. ಬಸ್ಸು ನಿಂತೊಡನೆ ಕಂಡಕ್ಟರು ಎಂದಿನಂತೆ, "ಸೂಳೆಕೆರೆ, ಸೂಳೆಕೆರೆ, ಇಳಿಯೋರು ಇಳೀರಿ" ಎಂದು ಕೂಗಿದನು. ಹುಡುಗರು ಮುಸಿಮುಸಿ ನಕ್ಕರು. ಏರಿಯ ಮೇಲೆ ಕುಳಿತು ಟಿಪ್ಪಣಿ ಬರೆಸುವಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದುನಿಂತು, "ಸರ್, ಈ ಕೆರೆಗೆ ಯಾಕೆ ಆ ಹೆಸರು ಬಂತು?" ಎಂದು ಕೇಳಿದಳು. ನಾನು, "ಇದರ ಹೆಸರು ಶಾಂತಿಸಾಗರ. ಹಾಗೇ ಬರ್ಕೋ" ಎಂದೆ. "ಮತ್ತೆ ಬಸ್ಸಿನಲ್ಲಿ ಬೇರೆ ಹೇಳಿದ್ರಲ್ಲ ಸರ್?" ಎಂದಳು. "ಕೂತ್ಕೋ" ಎಂದು ಗದರಿಸಿದೆ. ಅವಳು ಕುಳಿತಳು. ಉಳಿದವರೂ ನಗುವುದನ್ನು ನಿಲ್ಲಿಸಿದರು. ವಿದ್ವತ್ ಪರೀಕ್ಷೆ ಮಾಡಿ, ಹಳಗನ್ನಡ ಓದಿ, ಒಂದು ಪದದ ಅರ್ಥ ಹೇಳಲು ಹೆದರಿದವನು ನಾನು.

ಕಥೆ ಹೀಗಿದೆ. ಸ್ವರ್ಗಾವತಿ ಎಂಬ ಪಟ್ಟಣದಲ್ಲಿ ವಿಕ್ರಮರಾಯನೆಂಬ ಅರಸನಿದ್ದನಂತೆ. ಅವನ ಮಗಳು ಶಾಂತವ್ವ. ಅವಳು ಗುಡ್ಡದ ಮೇಲಿನ ಸಿದ್ಧೇಶ್ವರನಿಗೆ ಮನಸೋತಳು. ತಂದೆ ಕೆರಳಿದನು. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಕೆರೆಯೊಂದನ್ನು ಕಟ್ಟಿಸಲು ಅವಳು ಹೊರಟಳು. ನೀರು ನಿಲ್ಲಬೇಕಾದ ಜಾಗದಲ್ಲಿ ಸೂಳೆಯರ ಮನೆಗಳಿದ್ದವು. ಜಾಗ ಬಿಟ್ಟುಕೊಡಿ ಎಂದರೆ ಅವರು ಹಣ ಕೇಳಲಿಲ್ಲ, ಬೇರೆ ಭೂಮಿಯನ್ನೂ ಕೇಳಲಿಲ್ಲ. ಕೆರೆಗೆ ನಮ್ಮ ಹೆಸರಿಡುವುದಾದರೆ ಬಿಡುತ್ತೇವೆ ಎಂದರು. ಶಾಂತವ್ವ ಒಪ್ಪಿದಳು. ಇನ್ನೊಂದು ಕಥೆಯೂ ಇದೆ. ಅದರಲ್ಲಿ ಮುಳುಗಿದ್ದು ತಂದೆಯ ಪಟ್ಟಣವೇ. ಆ ಸಿಟ್ಟಿನಲ್ಲಿ ಅವನು ಮಗಳ ಕೆರೆಯನ್ನು ಸೂಳೆಯ ಕೆರೆ ಎಂದು ಶಪಿಸಿದನಂತೆ. ಎರಡೂ ಐತಿಹ್ಯಗಳೇ. 1128ರಲ್ಲಿ ಕಟ್ಟಿದ್ದು ಎಂಬ ಮಾತೂ ಈ ಐತಿಹ್ಯದ ಜೊತೆಯಲ್ಲೇ ಬಂದದ್ದು. ಎರಡನೆಯ ಕಥೆಯಲ್ಲಿ ಹೆಸರು ಒಂದು ಬೈಗುಳ, ಮೊದಲನೆಯದರಲ್ಲಿ ಅದೊಂದು ಬೆಲೆ. ನನಗೆ ಮೊದಲನೆಯದೇ ಹೆಚ್ಚು ಸತ್ಯವೆನಿಸುತ್ತದೆ. ಚರಿತ್ರೆಯಾಗಿ ಅಲ್ಲ, ಮನುಷ್ಯಸ್ವಭಾವವಾಗಿ.

ನಮ್ಮ ಜನಪದರ ಬಾಯಲ್ಲಿ 'ಕೆರೆಗೆ ಹಾರ' ಎಂಬ ಕಥನಗೀತೆಯಿದೆ. ನೀರು ಬೀಳದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆ ತಮಗೆಲ್ಲ ಗೊತ್ತಿರುವುದೇ. ಅವಳನ್ನು ಯಾರೂ ಕೇಳಲಿಲ್ಲ. ಅವಳೂ ಏನನ್ನೂ ಬೇಡಲಿಲ್ಲ. ಆ ಪಾಠವನ್ನು ನಾನು ಕಣ್ಣೀರು ಬರುವಂತೆ ಮಾಡಿದ್ದೇನೆ ಎಂಬ ಹೆಮ್ಮೆ ನನಗಿತ್ತು. ಆದರೆ ಸೂಳೆಕೆರೆಯ ಹೆಂಗಸರು ಬೇಡಿದರು. ಮನೆ ಮುಳುಗುವುದು ಖಂಡಿತವಾದಾಗ ಇಂಥದು ಕೊಡಿ ಎಂದು ಕರಾರು ಮಾಡಿಕೊಂಡರು. ಭಾಗೀರಥಿಯ ಕಥೆಯನ್ನು ತರಗತಿಯಲ್ಲಿ ಹೇಳಿ ಇವರ ಕಥೆಯನ್ನು ನುಂಗಿಕೊಂಡದ್ದು ಯಾವ ನ್ಯಾಯ ಎಂದು ಆ ಹುಡುಗಿಯ ಮುಖ ನೆನಪಾದಾಗಲೆಲ್ಲ ನನ್ನನ್ನೇ ಕೇಳಿಕೊಂಡಿದ್ದೇನೆ.

ಸೂಳೆ ಎಂಬ ಮಾತು ಈಗ ಬೈಗುಳವಾಗಿದೆ, ನಿಜ. ಹಿಂದೆ ಅದು ಬರಿಯ ಬೈಗುಳವಾಗಿರಲಿಲ್ಲ. ಬಾದಾಮಿಯ ಹತ್ತಿರದ ಮಹಾಕೂಟದಲ್ಲಿ ಚಾಲುಕ್ಯ ವಿಜಯಾದಿತ್ಯನ ಕಾಲದ ಒಂದು ಶಾಸನವಿದೆ. ಎಂಟನೆಯ ಶತಮಾನದ ಮೊದಲ ಭಾಗವೆನ್ನಬಹುದು. ಅರಸನ ಪ್ರಾಣವಲ್ಲಭೆಯಾದ ವಿನಾಪೋಟಿ ಎಂಬಾಕೆ ದೇವರಿಗೆ ಮಾಣಿಕ್ಯದ ಪೀಠವನ್ನೂ ಬೆಳ್ಳಿಯ ಕೊಡೆಯನ್ನೂ ಭೂಮಿಯನ್ನೂ ಕೊಟ್ಟಳೆಂದು ಅದು ಹೇಳುತ್ತದೆ. ಅವಳನ್ನು ಸೂಳೆ ಎಂದೇ ಕರೆದಿದ್ದಾರೆ, ಬಹುವಚನದ ಗೌರವದೊಡನೆ ಕರೆದಿದ್ದಾರೆ. ಹಂಪೆಯಲ್ಲಿ ಅಚ್ಯುತರಾಯ ದೇವಾಲಯದ ಮುಂದಿನ ಬೀದಿಗೆ ಸೂಳೆ ಬಜಾರ್ ಎಂದೇ ಹೆಸರು. ಹಾಗೆಂದು ಆ ಹೆಂಗಸರ ಬಾಳು ಸುಖದ್ದಾಗಿತ್ತೆಂದು ನಾನು ಹೇಳುತ್ತಿಲ್ಲ. ಪೀಠ ಕೊಟ್ಟವಳ ಹೆಸರು ಕಲ್ಲಿನಲ್ಲಿ ಉಳಿಯಿತು, ಕೊಡಲಾರದವರದು ಉಳಿಯಲಿಲ್ಲ. ಸೂಳೆಕೆರೆಯ ಹೆಂಗಸರಲ್ಲೂ ಒಬ್ಬಳ ಹೆಸರಾದರೂ ನಮಗೆ ತಿಳಿಯದು. ಎಲ್ಲರಿಗೂ ಸೇರಿ ಉಳಿದಿರುವುದು ಆ ಒಂದು ಹೆಸರು ಮಾತ್ರ. ಅದನ್ನೂ ಮರ್ಯಾದೆಯ ನೆಪದಲ್ಲಿ ಅಳಿಸುತ್ತಿದ್ದೇವೆ.

ಶಾಂತಿಸಾಗರ ಎಂಬುದು ಕಿವಿಗೆ ಇಂಪಾದ ಹೆಸರು, ಶಾಂತವ್ವನ ನೆನಪೂ ಅದರಲ್ಲಿ ಇದೆ ಎಂಬುವರಿದ್ದಾರೆ. ಇರಲಿ. ಎರಡು ಹೆಸರೂ ಇರಲಿ. ಆದರೆ ಮಾತು ಕೊಟ್ಟವಳ ಹೆಸರನ್ನು ಉಳಿಸಿ, ಅವಳು ಕೊಟ್ಟ ಮಾತನ್ನು ಅಳಿಸುವುದು ಶಾಂತವ್ವನಿಗೂ ಒಪ್ಪಿಗೆಯಾಗಲಾರದು. ಮಕ್ಕಳು ಕೇಳಿದರೆ ತಪ್ಪಿಸಬೇಡಿ. ದೊಡ್ಡ ಮಾತುಗಳೇನೂ ಬೇಡ. "ಇಲ್ಲಿ ಕೆಲವು ಹೆಂಗಸರ ಮನೆಗಳಿದ್ದವು, ಊರಿನವರು ಅವರನ್ನು ಕೀಳಾಗಿ ಕಾಣುತ್ತಿದ್ದರು, ಕೆರೆಗೋಸ್ಕರ ಅವರು ಮನೆ ಬಿಟ್ಟುಕೊಟ್ಟರು, ಬದಲಿಗೆ ತಮ್ಮ ಹೆಸರಿಡಿ ಎಂದರು" ಎಂದಷ್ಟು ಹೇಳಿದರೆ ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆ. ಮುಂದಿನ ಪ್ರಶ್ನೆಗಳು ಬಂದಾವು. ಬರಲಿ. ಅದಕ್ಕೆಂದೇ ಒಂದು ಇಡೀ ದಿನವನ್ನು ಕೆರೆಯ ಬಳಿ ಕಳೆಯಿರೆಂದು ನಾನು ಹೇಳುತ್ತಿರುವುದು.

ಕೆರೆಯ ಒಡಲಲ್ಲಿ ಈಗ ಹೂಳು ಬಹಳ ತುಂಬಿದೆ. ಅಂಚಿನಲ್ಲಿ ಒತ್ತುವರಿಯ ದೂರೂ ಉಂಟು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ತಾಲ್ಲೂಕು ಶಿವಮೊಗ್ಗದಿಂದ ಇತ್ತ ಸೇರಿತು. ಜಿಲ್ಲೆ ಬದಲಾದರೂ ಹೂಳು ಬದಲಾಗಲಿಲ್ಲ. ಭದ್ರಾ ನಾಲೆಯ ನೀರು ಇದಕ್ಕೆ ಆಸರೆಯಾಗಿರುವುದು ಸಮಾಧಾನದ ವಿಷಯ. ಹೋದವರು ಹಿನ್ನೀರಿನ ಕಡೆಗೂ ಒಮ್ಮೆ ಹೋಗಿ ನೋಡಿದರೆ ಎಲ್ಲಿ ಕೆರೆ ಮುಗಿದು ಎಲ್ಲಿ ಹೊಲ ಮೊದಲಾಗುತ್ತದೆಂಬುದು ಅವರಿಗೂ ತಿಳಿಯದೆ ಹೋದೀತು.

ಸಮಯ ಉಳಿದರೆ ಅದೇ ತಾಲ್ಲೂಕಿನ ಸಂತೆಬೆನ್ನೂರಿಗೆ ಹೋಗಿ ಬನ್ನಿ. ಹದಿನಾರನೆಯ ಶತಮಾನದ ಹನುಮಪ್ಪನಾಯಕ ಕಟ್ಟಿಸಿದ ಪುಷ್ಕರಿಣಿ, ನೀರಿನ ನಡುವೆ ವಸಂತಮಂಟಪ, ದಂಡೆಯಲ್ಲಿ ಬಿಜಾಪುರದ ರಣದುಲ್ಲಾಖಾನನ ಕಾಲದ ಮುಸಾಫಿರ್ ಖಾನೆ ಅಲ್ಲಿವೆ. ಅದು ಅರಸರ ನೀರು, ಇದು ರೈತರ ನೀರು. ನನ್ನ ಒಲವು ಯಾವ ಕಡೆಗೆಂದು ಹೇಳಬೇಕಾಗಿಲ್ಲ. ಆದ್ದರಿಂದ ಮಧ್ಯಾಹ್ನಕ್ಕೆ ಅಲ್ಲಿ ಮುಗಿಸಿ, ಸಂಜೆಗೆ ಮತ್ತೆ ಇಲ್ಲಿಗೇ ಬನ್ನಿ ಎನ್ನುತ್ತೇನೆ.

ಸಂಜೆ ಐದರ ಹೊತ್ತಿಗೆ ಸಿದ್ಧೇಶ್ವರನ ಗುಡಿಯ ಬಳಿ ಕುಳಿತುಕೊಳ್ಳಿ. ಬಿಸಿಲು ಇಳಿದಂತೆ ನೀರಿನ ಬಣ್ಣ ಮೂರು ನಾಲ್ಕು ಸಲ ಬದಲಾಗುತ್ತದೆ. ಬೆಳ್ಳಕ್ಕಿಗಳು ಸಾಲುಗಟ್ಟಿ ಮರಗಳಿಗೆ ಹಿಂದಿರುಗುತ್ತವೆ. ಮೊಬೈಲನ್ನು ಆ ಅರ್ಧ ಗಂಟೆ ಚೀಲದಲ್ಲೇ ಇಟ್ಟರೆ ಗುಡಿಯ ಗಂಟೆ ಕೇಳಿಸುತ್ತದೆ, ಏರಿಯ ಕೆಳಗೆ ನಾಲೆಯಲ್ಲಿ ನೀರು ಹರಿಯುವುದೂ ಕೇಳಿಸುತ್ತದೆ. ಕತ್ತಲಾಗುವ ಮೊದಲು ಮಕ್ಕಳನ್ನು ಎಣಿಸಿಕೊಂಡು ರಸ್ತೆಗೆ ಬನ್ನಿ. ಬಸ್ಸು ಹತ್ತಿದ ಮೇಲೆ ಕಂಡಕ್ಟರು ಎಲ್ಲಿ ಹತ್ತಿದಿರಿ ಎಂದು ಕೇಳುತ್ತಾನೆ. ಟಿಕೀಟನ್ನು ಮಗುವಿನ ಬಾಯಿಂದಲೇ ಕೇಳಿಸಿ.